ನೋಡಿದವರ ಮತ, ಒತ್ತಿದವರ ಮತ

2025ರ ಜನವರಿ ಕೊನೆಯಲ್ಲಿ ಕನ್ನಡ ಬಿಗ್‌ಬಾಸ್‌ನ ಹನ್ನೊಂದನೇ ಆವೃತ್ತಿ ಮುಗಿಯಿತು. ನಿರೂಪಕ ಸುದೀಪ್ ಎತ್ತಿ ಹಿಡಿದದ್ದು ಹನುಮಂತನ ಕೈಯನ್ನು. ಕುರಿ ಕಾಯುತ್ತ ಹಾಡುತ್ತಿದ್ದ, 'ಸರಿಗಮಪ' ವೇದಿಕೆಯಿಂದ ಮನೆಮಾತಾಗಿದ್ದ ಹಾವೇರಿ ಜಿಲ್ಲೆಯ ಹುಡುಗ ಅವನು. ಅವನಿಗೆ ಬಂದ ಮತಗಳು 5 ಕೋಟಿ 23 ಲಕ್ಷಕ್ಕೂ ಹೆಚ್ಚು ಎಂದು ಘೋಷಣೆಯಾಯಿತು. ಅದಕ್ಕೆ ಎರಡು ವರ್ಷ ಹಿಂದೆ, 2023ರ ವಿಧಾನಸಭಾ ಚುನಾವಣೆಯಲ್ಲಿ, ಕರ್ನಾಟಕದ ಮತದಾರರ ಪಟ್ಟಿಯಲ್ಲಿದ್ದವರು ಸುಮಾರು 5 ಕೋಟಿ 30 ಲಕ್ಷ. ಅವರಲ್ಲಿ ಮತಗಟ್ಟೆಗೆ ಬಂದವರು ಶೇ 73ರಷ್ಟು. ಅಂದರೆ ರಾಜ್ಯದ ಎಲ್ಲ ಪಕ್ಷಗಳಿಗೂ ಸೇರಿ ಬಿದ್ದ ಮತಗಳಿಗಿಂತ ಒಬ್ಬ ಸ್ಪರ್ಧಿಗೆ ಬಿದ್ದ ಮತಗಳೇ ಹೆಚ್ಚು.

ಹನುಮಂತನ ಗೆಲುವಿನ ಬಗ್ಗೆ ತಕರಾರಿಲ್ಲ. ಊರೂರಿನ ಜನ ಅವನನ್ನು ತಮ್ಮ ಮನೆಯ ಹುಡುಗನೆಂದು ಭಾವಿಸಿದ್ದು ನಿಜ. ಆದರೆ ಆ ಸಂಖ್ಯೆ ಏನನ್ನು ಎಣಿಸುತ್ತಿದೆ ಎಂಬುದನ್ನು ಕೇಳಲೇಬೇಕು. ಒಬ್ಬರೇ ಹಲವು ಸಲ ಮತ ಹಾಕಲು ಅವಕಾಶವಿರುವ ಕಡೆ ಕೋಟಿಗಳ ಲೆಕ್ಕ ಜನರ ಲೆಕ್ಕವಲ್ಲ; ಬೆರಳು ಪರದೆಯನ್ನು ಎಷ್ಟು ಸಲ ಒತ್ತಿತು ಎಂಬುದರ ಲೆಕ್ಕ. ರಿಯಾಲಿಟಿ ಷೋಗೆ ಅದು ಹೊಂದಬಹುದು, ಏಕೆಂದರೆ ಅಲ್ಲಿ ಬೆಂಬಲಿಗರ ಹುಮ್ಮಸ್ಸೂ ಆಟದ ಭಾಗ. ಸಿನಿಮಾ ಮತ್ತು ಕಿರುತೆರೆಯ ಪ್ರಶಸ್ತಿಗಳೂ ಇದೇ ಲೆಕ್ಕವನ್ನು ನೆಚ್ಚಿಕೊಂಡು 'ಇದು ಜನರ ತೀರ್ಪು' ಎನ್ನತೊಡಗಿದಾಗ ಕಷ್ಟ ಶುರುವಾಗುತ್ತದೆ.

ಪ್ರೇಕ್ಷಕರನ್ನು ಕೇಳಿ ಪ್ರಶಸ್ತಿ ಕೊಡುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. 1954ರಲ್ಲಿ ಬೊಂಬಾಯಿಯ ಮೆಟ್ರೊ ಚಿತ್ರಮಂದಿರದಲ್ಲಿ ಮೊದಲ ಫಿಲಂಫೇರ್ ಪ್ರಶಸ್ತಿ ಪ್ರದಾನವಾಯಿತು. ಚಿತ್ರ ವಿಮರ್ಶಕಿ ಕ್ಲೇರ್ ಮೆಂಡೊನ್ಸಾ ಅವರ ನೆನಪಿನಲ್ಲಿ ಆಗ ಅದಕ್ಕೆ 'ಕ್ಲೇರ್ಸ್' ಎಂಬ ಹೆಸರಿತ್ತು. ಇದ್ದದ್ದು ಐದೇ ವಿಭಾಗ. ದೇಶದ ಬೇರೆ ಬೇರೆ ಕಡೆಯ 20 ಸಾವಿರಕ್ಕೂ ಹೆಚ್ಚು ಓದುಗರು ಮತ ಕೊಟ್ಟಿದ್ದರು. ಅವರು ಆರಿಸಿದ ಅತ್ಯುತ್ತಮ ಚಿತ್ರ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್'. ಎರಡು ಬೀಘಾ ನೆಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುವ ರೈತನ ಕಥೆ ಅದು, ಸುಖಾಂತವೂ ಅಲ್ಲ. ಅದೇ ಚಿತ್ರಕ್ಕೆ ಆ ವರ್ಷ ಕಾನ್ ಚಿತ್ರೋತ್ಸವದಲ್ಲೂ ಗೌರವ ಸಿಕ್ಕಿತು. ಜನರನ್ನು ಕೇಳಿದರೆ ಅವರು ಹಾಡು, ಹೊಡೆದಾಟವನ್ನಷ್ಟೇ ಆರಿಸುತ್ತಾರೆ ಎನ್ನುವವರು ಈ ಮೊದಲ ಫಲಿತಾಂಶವನ್ನು ನೆನೆಯಬೇಕು. ಮತ ಹಾಕಿದವರು ಸಿನಿಮಾ ಪತ್ರಿಕೆಯನ್ನು ಕೊಂಡು ಓದುವಷ್ಟು ಆಸಕ್ತರು, ವರ್ಷವಿಡೀ ಚಿತ್ರಗಳನ್ನು ನೋಡಿ ಹೋಲಿಸಿದವರು ಎಂಬುದನ್ನೂ ಮರೆಯಬಾರದು.

ಮುಂದೆ ಆ ಪ್ರಶಸ್ತಿಯಲ್ಲಿ ಪರಿಣತರ ಸಮಿತಿಯೂ ಸೇರಿಕೊಂಡಿತು. ಸಮಿತಿ ಬಂದ ಮಾತ್ರಕ್ಕೆ ಅಸಮಾಧಾನ ನಿಲ್ಲಲಿಲ್ಲ. 'ಪಾಕೀಜಾ' ಚಿತ್ರಕ್ಕೆ ಅದ್ಭುತ ಸಂಗೀತ ಕೊಟ್ಟು, ಅದು ತೆರೆಕಾಣುವ ಮೊದಲೇ ತೀರಿಕೊಂಡ ಗುಲಾಮ್ ಮೊಹಮ್ಮದ್ ಅವರಿಗೆ ಪ್ರಶಸ್ತಿ ತಪ್ಪಿತೆಂದು 1973ರಲ್ಲಿ ನಟ ಪ್ರಾಣ್ ತಮಗೆ ಬಂದ ಪೋಷಕ ನಟ ಪ್ರಶಸ್ತಿಯನ್ನೇ ನಿರಾಕರಿಸಿದರು. ಸಂಗೀತದ ಪ್ರಶಸ್ತಿ ಹೋದದ್ದು ಪ್ರಾಣ್ ಅವರೇ ನಟಿಸಿದ್ದ 'ಬೇಇಮಾನ್' ಚಿತ್ರಕ್ಕೆ. ತಮ್ಮ ಚಿತ್ರದ ಲಾಭವನ್ನೂ ಲೆಕ್ಕಿಸದೆ ಎತ್ತಿದ ಆ ದನಿಗೆ ಬೆಲೆ ಹೆಚ್ಚು. ಪ್ರಶಸ್ತಿಗಳ ಮಟ್ಟ ಕೆಟ್ಟದ್ದು ಜನಸಾಮಾನ್ಯರು ಮತ ಹಾಕತೊಡಗಿದ್ದರಿಂದ ಎಂಬ ವಾದಕ್ಕೆ ಇಂಥ ಇತಿಹಾಸ ಬೆಂಬಲ ಕೊಡುವುದಿಲ್ಲ.

ಹಾಗಾದರೆ ಕೆಡುವುದು ಎಲ್ಲಿ?

ಅಮೆರಿಕದ 'ಪೀಪಲ್ಸ್ ಚಾಯ್ಸ್' ಪ್ರಶಸ್ತಿಯ ಚರಿತ್ರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. 1975ರಲ್ಲಿ ಬಾಬ್ ಸ್ಟೈವರ್ಸ್ ಅದನ್ನು ಆರಂಭಿಸಿದಾಗ ಫಲಿತಾಂಶ ತೆಗೆಯುತ್ತಿದ್ದದ್ದು ಗ್ಯಾಲಪ್ ಸಮೀಕ್ಷೆಯ ಮೂಲಕ. ಸಮೀಕ್ಷೆಯಲ್ಲಿ ಸಂಸ್ಥೆಯೇ ಜನರನ್ನು ಹುಡುಕಿಕೊಂಡು ಹೋಗಿ ಕೇಳುತ್ತದೆ. ಯಾರನ್ನು ಕೇಳಬೇಕು ಎಂಬುದನ್ನು ಸಮಾಜದ ನಾನಾ ವರ್ಗಗಳಿಗೆ ಪಾಲು ಸಿಗುವಂತೆ ಆರಿಸುತ್ತದೆ. ಅಭಿಮಾನಿ ಸಂಘ ಕಟ್ಟಿಕೊಂಡವನಿಗೂ, ತಿಂಗಳಿಗೊಂದು ಸಿನಿಮಾ ನೋಡಿ ಸುಮ್ಮನಿರುವ ಗೃಹಿಣಿಗೂ ಅಲ್ಲಿ ಒಂದೇ ತೂಕ. 2005ರಲ್ಲಿ ಈ ಪ್ರಶಸ್ತಿ ಅಂತರ್ಜಾಲದ ಮತದಾನಕ್ಕೆ ಹೊರಳಿತು. ಬಾಗಿಲು ಎಲ್ಲರಿಗೂ ತೆರೆಯಿತು ನಿಜ. ಆದರೆ ತೆರೆದ ಬಾಗಿಲಿನಿಂದ ಒಳಗೆ ಬರುವವರು ಯಾರು? ಬರಲೇಬೇಕೆಂಬ ಹಟವುಳ್ಳವರು, ಬಿಡುವುಳ್ಳವರು, ಗುಂಪು ಕಟ್ಟಿಕೊಂಡವರು. ಕೇಳದಿದ್ದರೆ ಬಾಯಿಬಿಡದ ಬಹುಪಾಲು ಪ್ರೇಕ್ಷಕರು ಹೊರಗೇ ಉಳಿದರು.

ಈ ದಾರಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ಆಸ್ಕರ್ ಅಕಾಡೆಮಿ 2022ರಲ್ಲಿ ಕಂಡುಕೊಂಡಿತು. ಜನಪ್ರಿಯ ಚಿತ್ರಗಳಿಗೆಂದೇ ಒಂದು ಪ್ರಶಸ್ತಿಯನ್ನು ಅಕಾಡೆಮಿ 2018ರ ಆಗಸ್ಟ್‌ನಲ್ಲಿ ಘೋಷಿಸಿ, ಟೀಕೆ ಬಂದೊಡನೆ ಒಂದೇ ತಿಂಗಳಲ್ಲಿ ಕೈಬಿಟ್ಟಿತ್ತು. ನಾಲ್ಕು ವರ್ಷಗಳ ನಂತರ ಟ್ವಿಟರ್ ಮೂಲಕ 'ಅಭಿಮಾನಿಗಳ ಮೆಚ್ಚಿನ ಚಿತ್ರ'ವನ್ನು ಆರಿಸಲು ಹೊರಟಿತು. ಒಬ್ಬರು ದಿನಕ್ಕೆ 20 ಮತಗಳವರೆಗೆ ಹಾಕಬಹುದಿತ್ತು. ಆ ಋತುವಿನಲ್ಲಿ ಜಗತ್ತಿನ ಚಿತ್ರಮಂದಿರಗಳನ್ನು ತುಂಬಿಸಿದ್ದು 'ಸ್ಪೈಡರ್‌ಮ್ಯಾನ್: ನೋ ವೇ ಹೋಮ್'. ಗೆದ್ದದ್ದು ಮಾತ್ರ ಜ್ಯಾಕ್ ಸ್ನೈಡರ್ ಅವರ 'ಆರ್ಮಿ ಆಫ್ ದಿ ಡೆಡ್'. ಸ್ಪೈಡರ್‌ಮ್ಯಾನ್‌ಗೆ ಮೊದಲ ಮೂರರಲ್ಲೂ ಸ್ಥಾನ ಸಿಗಲಿಲ್ಲ. ಚಪ್ಪಾಳೆ ಗಿಟ್ಟಿಸಿದ ದೃಶ್ಯದ ವಿಭಾಗದಲ್ಲೂ ಸ್ನೈಡರ್ ಅವರದೇ 'ಜಸ್ಟಿಸ್ ಲೀಗ್' ಮೇಲೆ ನಿಂತಿತು. ಸ್ನೈಡರ್ ಅಭಿಮಾನಿಗಳು ಅಂತರ್ಜಾಲದಲ್ಲಿ ಸಂಘಟಿತರಾಗಿ ಹೋರಾಡಿ ಹೆಸರಾದವರು. ಯಂತ್ರಗಳ ಮೂಲಕ ಮತ ಹಾಕಿಸಿದ ಕುರುಹುಗಳಿವೆ ಎಂಬ ವರದಿಗಳೂ ಆಮೇಲೆ ಬಂದವು. ಯಂತ್ರದ ಪಾಲು ಎಷ್ಟೇ ಇರಲಿ, ದಿನಕ್ಕೆ 20 ಮತ ಎಂಬ ನಿಯಮವೇ ಮೂಲ ತಪ್ಪು. ಒಂದು ಚಿತ್ರವನ್ನು ಸಾಧಾರಣವಾಗಿ ಮೆಚ್ಚಿದ ನೂರು ಜನರಿಗಿಂತ, ಬಿಡದೆ ಒತ್ತುವ ಆರು ಜನರ ಮಾತಿಗೇ ಅಲ್ಲಿ ಹೆಚ್ಚು ತೂಕ.

ಎಂಟಿವಿ ಸಿನಿಮಾ ಪ್ರಶಸ್ತಿಯಲ್ಲಿ 2009ರಿಂದ 2012ರವರೆಗೆ ಸತತ ನಾಲ್ಕು ವರ್ಷ 'ಟ್ವೈಲೈಟ್' ಸರಣಿಯ ಚಿತ್ರಗಳೇ ಅತ್ಯುತ್ತಮ ಚಿತ್ರವಾದವು. ಬ್ರಿಟನ್ನಿನ ನ್ಯಾಷನಲ್ ಟೆಲಿವಿಷನ್ ಪ್ರಶಸ್ತಿಯಲ್ಲಿ ಆಂಟ್ ಮತ್ತು ಡೆಕ್ ಜೋಡಿ 2001ರಲ್ಲಿ ಮೆಚ್ಚಿನ ನಿರೂಪಕರಾದವರು, ಸತತ 23 ಸಲ ಗೆದ್ದು 2025ರಲ್ಲಿ ಗ್ಯಾರಿ ಲಿನೆಕರ್ ಎದುರು ಸೋತರು. ಇವರೆಲ್ಲ ಅಯೋಗ್ಯರೆಂದಲ್ಲ. ಆದರೆ ವರ್ಷ ವರ್ಷ ಒಂದೇ ಉತ್ತರ ಕೊಡುವ ಮತದಾನ ಆ ವರ್ಷದ ಕೆಲಸವನ್ನು ಅಳೆಯುತ್ತಿಲ್ಲ. ಪಟ್ಟಿಯಲ್ಲಿ ಪರಿಚಿತ ಹೆಸರು ಕಂಡೊಡನೆ ಕೈ ಅಲ್ಲಿಗೆ ಹೋಗುತ್ತದೆ. ಹೊಸಬರ ಹೆಸರು ಗೊತ್ತಾಗಬೇಕಾದರೆ ಮೊದಲು ಅವರ ಕೆಲಸವನ್ನು ನೋಡಿರಬೇಕಲ್ಲ.

ಇನ್ನೂ ಕೆಟ್ಟದ್ದು ಎಣಿಸುವವರೇ ತಪ್ಪಿ ನಡೆಯುವುದು. 2005ರ ಬ್ರಿಟಿಷ್ ಕಾಮಿಡಿ ಪ್ರಶಸ್ತಿಯಲ್ಲಿ 'ಜನರ ಆಯ್ಕೆ' ಎಂದು ಘೋಷಿಸಿದ್ದು ಆಂಟ್ ಮತ್ತು ಡೆಕ್ ಅವರ ಶನಿವಾರದ ಕಾರ್ಯಕ್ರಮವನ್ನು. ಹೆಚ್ಚು ಮತ ಬಿದ್ದದ್ದು 'ಕ್ಯಾಥರೀನ್ ಟೇಟ್ ಷೋ'ಗೆ. ಗೆದ್ದವರೆನಿಸಿಕೊಂಡವರಿಗೂ ಈ ಸಂಗತಿ ಗೊತ್ತಿರಲಿಲ್ಲ. 2008ರಲ್ಲಿ ತನಿಖೆಯಿಂದ ಸತ್ಯ ಹೊರಬಂತು. ಕಾಸು ತೆತ್ತು ಫೋನ್ ಮಾಡಿ ಮತ ಹಾಕಿದ ವೀಕ್ಷಕರಿಗೆ ಆದದ್ದು ನೇರ ವಂಚನೆ. ಅದನ್ನು ಪ್ರಸಾರ ಮಾಡಿದ್ದ ಐಟಿವಿ, ತನ್ನ ಬೇರೆ ಕಾರ್ಯಕ್ರಮಗಳ ಫೋನ್ ಮತದಾನದ ಅಕ್ರಮಗಳಿಗಾಗಿ 2008ರಲ್ಲಿ 56 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ತೆತ್ತಿತು. ಅಲ್ಲಿ ಕೊನೆಗಾದರೂ ತಪ್ಪು ಬಯಲಾದದ್ದು ಲೆಕ್ಕ ಕೇಳುವ ಹೊರಗಿನ ಕಣ್ಣೊಂದು ಇದ್ದದ್ದರಿಂದ.

ಈಗ ಕನ್ನಡದ ಮನೆಗಳಿಗೆ ಬರಬಹುದು. ಕಲರ್ಸ್ ಕನ್ನಡದ 'ಅನುಬಂಧ', ಜೀ ಕನ್ನಡದ 'ಕುಟುಂಬ' ಪ್ರಶಸ್ತಿಗಳು ವರ್ಷಕ್ಕೊಮ್ಮೆ ಕಿರುತೆರೆಗೆ ಹಬ್ಬ ತರುತ್ತವೆ. ಜನ ಮೆಚ್ಚಿದ ನಾಯಕ, ಜನ ಮೆಚ್ಚಿದ ನಾಯಕಿ ಎಂದು ಹೆಸರು ಕೂಗಿದಾಗ ವೇದಿಕೆ ಏರುವ ನಟ ನಟಿಯರ ಕಣ್ಣಲ್ಲಿ ನೀರು ಬರುವುದು ನಾಟಕವಲ್ಲ. ದಿನಕ್ಕೆ ಹನ್ನೆರಡು ತಾಸು ಚಿತ್ರೀಕರಣದ ಮನೆಯಲ್ಲೇ ಕಳೆಯುವವರಿಗೆ ತಮ್ಮನ್ನು ನೋಡುವವರ ಮೆಚ್ಚುಗೆ ಕಣ್ಣಾರೆ ಕಾಣಸಿಗುವುದು ಇಂಥ ಸಂಜೆಗಳಲ್ಲಿ ಮಾತ್ರ.

ಧಾರಾವಾಹಿಯ ಮಟ್ಟಿಗೆ ವೀಕ್ಷಕರ ಮತಕ್ಕೆ ಸಿನಿಮಾದಲ್ಲಿ ಇಲ್ಲದ ಹೆಚ್ಚಿನ ಅರ್ಹತೆಯೊಂದಿದೆ. ಸಿನಿಮಾವನ್ನು ತೀರ್ಪುಗಾರರು ಎರಡೂವರೆ ತಾಸಿನಲ್ಲಿ ನೋಡಿ ಮುಗಿಸಬಹುದು. ವರ್ಷಕ್ಕೆ ಇನ್ನೂರೈವತ್ತರಷ್ಟು ಕಂತು ಓಡುವ ಹತ್ತಾರು ಧಾರಾವಾಹಿಗಳನ್ನು ಪೂರ್ತಿ ನೋಡುವ ಸಮಿತಿ ಎಲ್ಲಿದೆ? ಅವರು ನೋಡುವುದು ಆಯ್ದ ಕೆಲವು ಕಂತುಗಳನ್ನು. ಅತ್ತೆಯ ಪಾತ್ರ ನೂರನೇ ಕಂತಿನಲ್ಲಿ ಹೇಗಿತ್ತು, ನಾನೂರನೆಯದಕ್ಕೆ ಎಲ್ಲಿ ಹಳಿ ತಪ್ಪಿತು, ನಟಿ ಬದಲಾದ ಮೇಲೆ ಏನು ಕಳೆಯಿತು ಎಂಬುದನ್ನೆಲ್ಲ ಬಲ್ಲವರು ಸಂಜೆ ಒಲೆಯ ಮೇಲೆ ಅನ್ನಕ್ಕಿಟ್ಟು ಟಿವಿ ಮುಂದೆ ಕೂರುವವರು. ಆ ಕಥನಕ್ಕೆ ಸಿಕ್ಕಿರುವ ನಿಜವಾದ ವಿಮರ್ಶಕರು ಅವರೇ.

ಉಮಾಶ್ರೀ ಅವರ ಉದಾಹರಣೆ ಇಲ್ಲಿ ಕಣ್ಮುಂದೆ ನಿಲ್ಲುತ್ತದೆ. ಗಿರೀಶ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ಚಿತ್ರದ ಅಭಿನಯಕ್ಕೆ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಅದು ಸಮಿತಿಯ ಆಯ್ಕೆ, ಸರಿಯಾದ ಆಯ್ಕೆ. ಆ ಚಿತ್ರವನ್ನು ನೋಡಿದ ಕನ್ನಡಿಗರು ಹೆಚ್ಚಿಲ್ಲ. ಮುಂದೆ ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೂರು ಹೆಣ್ಣುಮಕ್ಕಳ ತಾಯಿಯಾಗಿ ಅದೇ ಉಮಾಶ್ರೀ ಮನೆಮನೆಗೆ ಬಂದರು. ಸಮಿತಿ ಮೆಚ್ಚಿದ ನಟಿ, ಮನೆಮಂದಿ ಮೆಚ್ಚಿದ ನಟಿ ಎಂದು ಎರಡು ಜಾತಿ ಇಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವೈದೇಹಿಯವರ ಕಥೆಯನ್ನು ಆಧರಿಸಿದ 'ಗುಲಾಬಿ ಟಾಕೀಸ್' ಕೂಡ ಪ್ರೇಕ್ಷಕಿಯೊಬ್ಬಳ ಕುರಿತಾದದ್ದೇ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ ಮನೆಯವರು ಟಿವಿ, ಡಿಶ್ ಕೊಡಿಸುತ್ತಾರೆ; ಕೇರಿಯ ಹೆಂಗಸರು ಅವಳ ಗುಡಿಸಲಿನಲ್ಲಿ ಸೇರುತ್ತಾರೆ. ಅಲ್ಲಿ ಕೂತು ನೋಡಿದ ಹೆಂಗಸರಿಗೂ ಒಂದು ರುಚಿ ಇದೆ, ಆಯ್ಕೆ ಇದೆ. ಅವರ ಮಾತನ್ನು ಕೇಳುವ ಪ್ರಶಸ್ತಿ ಬೇಕೇ ಬೇಕು.

ವಾಹಿನಿಗಳ ಪ್ರಶಸ್ತಿಗಳು ಆ ಮಾತನ್ನು ಪೂರ್ತಿ ಕೇಳುತ್ತಿವೆಯೇ? ಇಲ್ಲ. ಮೊದಲನೆಯದಾಗಿ, ವಾಹಿನಿ ತನ್ನದೇ ಧಾರಾವಾಹಿಗಳನ್ನು ಕಣಕ್ಕಿಳಿಸಿ, ತನ್ನದೇ ಆ್ಯಪ್‌ನಲ್ಲಿ ಮತ ಪಡೆದು, ತಾನೇ ಎಣಿಸಿ, ತನ್ನ ವೇದಿಕೆಯಲ್ಲೇ ಕೊಡುತ್ತದೆ. ರಾತ್ರಿ ಏಳಕ್ಕೆ ಒಂದು ವಾಹಿನಿ, ಎಂಟಕ್ಕೆ ಇನ್ನೊಂದು ನೋಡುವ ಮನೆಯವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದರೆ ಅಲ್ಲಿ ಅವಕಾಶವಿಲ್ಲ. ಎರಡನೆಯದಾಗಿ, ಪ್ರೇಮ, ಸಂಸಾರ, ಖಳತನದ ಪಾತ್ರಗಳಿಗೆ ಮೀಸಲಾದ ಮೆಚ್ಚುಗೆ ಸಂಭಾಷಣೆ ಬರೆದವರವರೆಗೆ ಅಪರೂಪಕ್ಕೆ ತಲುಪುತ್ತದೆ. ವೀಕ್ಷಕರು ನಗುವುದು, ಅಳುವುದು ಮಾತಿನ ಮೇಲೆ. ಬೆಳಗ್ಗೆ ಚಿತ್ರೀಕರಣವಿದ್ದರೆ ಹಿಂದಿನ ರಾತ್ರಿ ಕೂತು ಆ ಮಾತು ಬರೆಯುವವರು ಜನರಿಗೆ ಹೆಸರಿನಿಂದಲೂ ಗೊತ್ತಿಲ್ಲ. ಮೂರನೆಯದಾಗಿ, ಆ್ಯಪ್ ಬಳಸುವ ಕಾಲೇಜು ಹುಡುಗಿಯ ಮತ ಸುಲಭವಾಗಿ ಬೀಳುತ್ತದೆ. ಅವಳ ಪಕ್ಕದಲ್ಲೇ ಕೂತು ಅದೇ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡುವ ಅಜ್ಜಿಯ ಮತ ಅವಳ ಫೋನಿನೊಳಗೇ ಕರಗಿಹೋಗುತ್ತದೆ.

ಚಲನಚಿತ್ರಗಳಲ್ಲಿ ಇನ್ನೊಂದು ವಿಚಿತ್ರವಿದೆ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಒಳ್ಳೆಯ ಮನರಂಜನೆ ಕೊಡುವ ಜನಪ್ರಿಯ ಚಿತ್ರಕ್ಕೆ ಪ್ರತ್ಯೇಕ ವಿಭಾಗವಿದೆ. 2022ರ ಸಾಲಿನದು 'ಕಾಂತಾರ'ಕ್ಕೆ ಬಂತು. ರಿಷಬ್ ಶೆಟ್ಟಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಜನಪ್ರಿಯ ಯಾವುದು ಎಂದು ತೀರ್ಮಾನಿಸಿದ್ದು ಜನರಲ್ಲ, ಸಮಿತಿ. ಗಲ್ಲಾಪೆಟ್ಟಿಗೆಯಲ್ಲಿ ಜನ ಆಗಲೇ ಹೇಳಿಯಾಗಿದೆಯಲ್ಲ ಎಂಬ ಸಮಜಾಯಿಷಿ ಇದಕ್ಕಿದೆ. ಆದರೆ ಟಿಕೆಟ್ ಕೊಳ್ಳುವುದು ಚಿತ್ರ ನೋಡುವ ಮೊದಲು. ಪೋಸ್ಟರ್, ಟ್ರೇಲರ್, ನಟನ ಹೆಸರು, ಸ್ನೇಹಿತರ ಒತ್ತಾಯ ಎಲ್ಲವೂ ಸೇರಿ ಟಿಕೆಟ್ ಕೊಳ್ಳಿಸುತ್ತವೆ. ನೋಡಿ ಹೊರಬಂದ ಮೇಲೆ ಅನ್ನಿಸಿದ್ದೇನು ಎಂಬುದಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಜಾಗವಿಲ್ಲ. ಪ್ರೇಕ್ಷಕರ ಪ್ರಶಸ್ತಿಗೆ ಸ್ವಂತ ಅರ್ಥ ಹುಟ್ಟುವುದು ಈ ಜಾಗದಲ್ಲಿ: ನೋಡಿದ ಮೇಲೆ, ನೋಡಿದವರಿಂದ.

ಈ ಕೆಲಸವನ್ನು ಚೆನ್ನಾಗಿ ಮಾಡಿದವು ಚಿತ್ರೋತ್ಸವಗಳು. ಕೆನಡಾದ ಟೊರೊಂಟೊ ಉತ್ಸವ 1978ರಿಂದ ಪ್ರೇಕ್ಷಕರ ಪ್ರಶಸ್ತಿ ಕೊಡುತ್ತಿದೆ. ಅದರ ಅತಿ ದೊಡ್ಡ ಗೌರವವೇ ಇದು. ಹಿಂದೆ ಚಿತ್ರ ಮುಗಿದು ಹೊರಬರುವಾಗ ಬಾಗಿಲ ಬಳಿಯ ಡಬ್ಬಿಯಲ್ಲಿ ಚೀಟಿ ಹಾಕುತ್ತಿದ್ದರು. ಈಗ ಮತದಾನ ಆನ್‌ಲೈನ್ ಆಗಿದ್ದರೂ ಮತ ಹಾಕಿದವರು ಟಿಕೆಟ್ ಕೊಂಡವರೇ ಎಂದು ತಾಳೆ ನೋಡುತ್ತಾರೆ. ಈ ಜನ 2008ರಲ್ಲಿ ಆರಿಸಿದ್ದು 'ಸ್ಲಂಡಾಗ್ ಮಿಲಿಯನೇರ್', 2010ರಲ್ಲಿ 'ದಿ ಕಿಂಗ್ಸ್ ಸ್ಪೀಚ್', 2013ರಲ್ಲಿ '12 ಇಯರ್ಸ್ ಎ ಸ್ಲೇವ್', 2020ರಲ್ಲಿ 'ನೊಮ್ಯಾಡ್‌ಲ್ಯಾಂಡ್'. ನಾಲ್ಕೂ ಮುಂದೆ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದವು. 2011ರಲ್ಲಿ ಅದೇ ಪ್ರೇಕ್ಷಕರು ಲೆಬನಾನಿನ ನಾದೀನ್ ಲಬಾಕಿ ಅವರ ಚಿತ್ರವನ್ನು ಮೆಚ್ಚಿದರು. ದೊಡ್ಡ ತಾರೆಯರಿಲ್ಲದ ಅರಬ್ಬೀ ಚಿತ್ರವೊಂದನ್ನು ಅಲ್ಲಿನ ಜನ ತಲೆಯ ಮೇಲೆ ಹೊತ್ತರು.

ನಮ್ಮ ನೆರೆಯ ಕೇರಳದ ಚಿತ್ರೋತ್ಸವದಲ್ಲೂ ಪ್ರತಿನಿಧಿಗಳೇ ಮತ ಹಾಕಿ ಸ್ಪರ್ಧಾ ವಿಭಾಗದ ಚಿತ್ರವೊಂದಕ್ಕೆ ಪ್ರಶಸ್ತಿ ಕೊಡುತ್ತಾರೆ. 2022ರ ಮಾರ್ಚ್‌ನಲ್ಲಿ ಅವರು ಆರಿಸಿದ್ದು ಪಿ.ಎಸ್. ವಿನೋದರಾಜ್ ಅವರ ತಮಿಳು ಚಿತ್ರ 'ಕೂಳಾಂಗಲ್'. ಬಿರುಬಿಸಿಲಿನಲ್ಲಿ ತಂದೆ ಮಗ ನಡೆಯುತ್ತಾರೆ. ಮಾತು ಕಡಿಮೆ, ಹಾಡಿಲ್ಲ. ರೋಟರ್‌ಡ್ಯಾಮ್ ಚಿತ್ರೋತ್ಸವದ ತೀರ್ಪುಗಾರರು ಟೈಗರ್ ಪ್ರಶಸ್ತಿ ಕೊಟ್ಟ ಚಿತ್ರವನ್ನೇ ತಿರುವನಂತಪುರದಲ್ಲಿ ಕ್ಯೂ ನಿಂತು ನೋಡಿದವರೂ ಎತ್ತಿ ಹಿಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಮ್ಮೂಟ್ಟಿ ನಟಿಸಿದ 'ನನ್‌ಪಗಲ್ ನೇರತ್ತ್ ಮಯಕ್ಕಂ' ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ತಾರೆಯಿದ್ದ ಚಿತ್ರ, ತಾರೆಯಿಲ್ಲದ ಚಿತ್ರ ಎಂಬ ಭೇದ ಅಲ್ಲಿ ಎಣಿಕೆಗೆ ಬರಲಿಲ್ಲ.

ಸಮಿತಿಯ ಆಯ್ಕೆ, ಜನರ ಮತ ಇವೆರಡರ ನಡುವೆ ಬ್ರಿಟನ್ನಿನ ಬಾಫ್ಟಾ ಹಿಡಿದ ದಾರಿಯೊಂದಿದೆ. 2006ರಿಂದ ಅದು ಕೊಡುತ್ತಿರುವ ಉದಯೋನ್ಮುಖ ಕಲಾವಿದ ಪ್ರಶಸ್ತಿಗೆ ಐವರ ಹೆಸರನ್ನು ತಜ್ಞರು ಆರಿಸುತ್ತಾರೆ, ಅವರಲ್ಲಿ ಒಬ್ಬರನ್ನು ಜನ ಗೆಲ್ಲಿಸುತ್ತಾರೆ. ಹೊಸಬರನ್ನಷ್ಟೇ ಕಣಕ್ಕಿಳಿಸುವುದರಿಂದ ಹಳೆಯ ಹೆಸರಿನ ಭಾರಕ್ಕೆ ಅಲ್ಲಿ ಅವಕಾಶವೇ ಇಲ್ಲ. ದುಬೈಯಲ್ಲಿ 2012ರಲ್ಲಿ ಆರಂಭವಾದ ಸೈಮಾ ಕೂಡ ನಾಮನಿರ್ದೇಶನ ಮತ್ತು ಆನ್‌ಲೈನ್ ಮತ ಎರಡನ್ನೂ ಸೇರಿಸಿಕೊಂಡ ಪ್ರಶಸ್ತಿ. ಕನ್ನಡ, ತೆಲುಗು, ತಮಿಳು, ಮಲಯಾಳಂ ಚಿತ್ರರಂಗಗಳನ್ನು ಒಂದೇ ಚಪ್ಪರದಡಿ ತಂದದ್ದು ಅದರ ಹೆಚ್ಚುಗಾರಿಕೆ.

ಕನ್ನಡ ಚಿತ್ರರಂಗದಲ್ಲಿ ಅಭಿಮಾನಿಗಳನ್ನು ದೇವರೆಂದು ಕರೆದವರು ರಾಜ್‌ಕುಮಾರ್. ಆ ಮಾತನ್ನು ನಂಬುವುದಾದರೆ ದೇವರ ಹೆಸರಿನಲ್ಲಿ ನಡೆಯುವ ಲೆಕ್ಕ ಚೊಕ್ಕವಾಗಿರಬೇಕು. ಒಬ್ಬರಿಗೆ ಒಂದೇ ಮತ ಇರಲಿ. ಎಷ್ಟು ಜನ ಮತ ಹಾಕಿದರು, ಯಾರಿಗೆ ಎಷ್ಟು ಬಿತ್ತು ಎಂಬುದನ್ನು ಪ್ರಕಟಿಸಲಿ. ವಾಹಿನಿಗೆ ಸೇರದವರು ಎಣಿಸಲಿ. ಚಿತ್ರಮಂದಿರದ ಟಿಕೆಟ್ ಈಗ ಬಹುಪಾಲು ಫೋನಿನಲ್ಲೇ ಇರುವುದರಿಂದ, ಚಿತ್ರ ಮುಗಿದ ಮೇಲೆ ಆ ಟಿಕೆಟ್‌ಗೆ ಒಂದು ಮತ ಎಂದು ಏರ್ಪಾಡು ಮಾಡುವುದು ಕಷ್ಟದ ಕೆಲಸವಲ್ಲ. ಕೌಂಟರಿನಲ್ಲಿ ಕಾಗದದ ಟಿಕೆಟ್ ಕೊಂಡವರಿಗೆ ಬಾಗಿಲ ಬಳಿ ಒಂದು ಡಬ್ಬಿ ಸಾಕು. ಧಾರಾವಾಹಿಗಳಿಗೆ ಗ್ಯಾಲಪ್ ಮಾಡಿದಂತೆ ಬೀದರಿನಿಂದ ಚಾಮರಾಜನಗರದವರೆಗೆ ಮನೆಗಳನ್ನು ಆರಿಸಿ, ಎಲ್ಲ ವಾಹಿನಿಗಳನ್ನೂ ಸೇರಿಸಿ ಕೇಳಬಹುದು. ಆಗ ಆ ಅಜ್ಜಿಯ ಮತವೂ ಅವಳ ಹೆಸರಿನಲ್ಲೇ ಬೀಳುತ್ತದೆ.

ನೋಡಿದವರ ಮತ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡದಲ್ಲೇ ಒಂದು ನಿದರ್ಶನವಿದೆ. ಪವನ್ ಕುಮಾರ್ ಅವರ 'ಲೂಸಿಯಾ'ಗೆ ನಿರ್ಮಾಪಕರು ಸಿಗದಿದ್ದಾಗ 110 ಜನ ಸೇರಿ 27 ದಿನಗಳಲ್ಲಿ 50 ಲಕ್ಷಕ್ಕೂ ಹೆಚ್ಚು ರೂಪಾಯಿ ಹೊಂದಿಸಿಕೊಟ್ಟರು. 2013ರ ಜುಲೈಯಲ್ಲಿ, ಕರ್ನಾಟಕದಲ್ಲಿ ಇನ್ನೂ ಬಿಡುಗಡೆಯಾಗದ ಆ ಚಿತ್ರ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಲ್ಲಿ ಸತೀಶ್ ನೀನಾಸಂ ಅವರ ಕಟೌಟ್ ಇರಲಿಲ್ಲ, ಹಾರ ಹಾಕುವ ಅಭಿಮಾನಿ ಸಂಘವಿರಲಿಲ್ಲ. ಅಲ್ಲಿನ ಪ್ರೇಕ್ಷಕರು ಮತ ಹಾಕಿ ಅದನ್ನೇ ಅತ್ಯುತ್ತಮ ಚಿತ್ರವೆಂದು ಆರಿಸಿದರು. ಸೆಪ್ಟೆಂಬರ್‌ನಲ್ಲಿ 'ಲೂಸಿಯಾ' ಬೆಂಗಳೂರಿಗೆ ಬರುವ ಹೊತ್ತಿಗೆ ಆ ಸುದ್ದಿ ಅದಕ್ಕಿಂತ ಮುಂಚೆ ಬಂದಿತ್ತು. ಆ ಚಿತ್ರದ ನಾಯಕ ನಿಕ್ಕಿಯ ಕೆಲಸ, ಹಳೆಯ ಚಿತ್ರಮಂದಿರವೊಂದರ ಕತ್ತಲಲ್ಲಿ ಟಾರ್ಚ್ ಬಿಟ್ಟು ಬಂದವರಿಗೆ ಕೂರುವ ಸೀಟು ತೋರಿಸುವುದು.